ಜೋಲಿಗೂ ಬೇಕು ಅಡಿಹೊದಿಕೆ

ಮಾಗಿಯ ರಜೆಯಲ್ಲಿ ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಂಥ ಕಡೆ ಬಿಡಾರ ಹೂಡಿ, ಮರಗಳ ನಡುವೆ ಜೋಲಿ ಕಟ್ಟಿ ಮಲಗುವ ಉತ್ಸಾಹಿಗಳಿಗೊಂದು ಮಾತು. ಅಲ್ಲಿ ಚಳಿ ಬೆನ್ನಿನ ಕೆಳಗಿನಿಂದಲೂ ನುಗ್ಗುತ್ತದೆ. ಬೆಚ್ಚಗಿಡುವುದು ರಜಾಯಿಯೊಳಗೆ ನಿಂತ ಗಾಳಿ. ಜೋಲಿಯೊಳಗೆ ಹಾಸಿದ ರಜಾಯಿಯಾದರೋ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಆದ್ದರಿಂದಲೇ ಅದನ್ನು ಜೋಲಿಯ ಹೊರಗೆ, ಅಡಿಯಲ್ಲಿ ತೂಗಹಾಕುವ ಕ್ರಮ.

ಕೊಳ್ಳುವಾಗ ಮೂರನ್ನು ಗಮನಿಸಿರಿ. ಬಾತಿನ ತುಪ್ಪುಳು ತುಂಬಿದ್ದು ಹಗುರ, ಬಲು ಬೆಚ್ಚಗೆ. ನೆನೆದರೆ ಮಾತ್ರ ಮುದ್ದೆ. ಇಬ್ಬನಿ ಸುರಿಯುವ ಕಡೆಗೆ ಪಾಲಿಯೆಸ್ಟರ್ ತುಂಬಿದ್ದೇ ಲೇಸು. ಮುಕ್ಕಾಲು ಉದ್ದದ್ದು ಹೊರಲು ಸುಲಭ, ಆದರೆ ಕಾಲಡಿಗೆ ಬೇರೆ ಹಾಸು ಬೇಕು. ಎಲ್ಲಕ್ಕೂ ಮುಖ್ಯವಾಗಿ, ತುದಿಗಳಲ್ಲಿ ಬಿಗಿಸುವ ಹುರಿ ಇರಲಿ: ಸಂದು ಬಿಟ್ಟರೆ ಗಾಳಿ ಹೊಗುತ್ತದೆ, ತೀರ ಬಿಗಿದರೆ ಮತ್ತೆ ಅಪ್ಪಚ್ಚಿ.

ನಮ್ಮ ಹತ್ತಿಯ ಕೌದಿ ಆಗದೇ? ಹೊರಲು ಭಾರ, ನೆನೆದರೆ ಬೇಗ ಒಣಗದು. ಆದರೂ ಹೊರಡುವ ಮುನ್ನ ಅಂಗಳದಲ್ಲೊಂದು ರಾತ್ರಿ ಕಟ್ಟಿ ನೋಡಲು ಅದೇ ಸಾಕು.