ಸ್ವಾತಂತ್ರ್ಯದ ಕರ್ತೃವಿಚಾರ: ಕಾಗೋಡು ಮತ್ತು ಕೊಡಗು

ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃವೆಂಬುದು ಪಾಣಿನೀಯರ ಮತವು. ಉಳುವ ಕ್ರಿಯೆಗೆ ವ್ಯಾಕರಣದಲ್ಲಿ ಕರ್ತೃವಾದ ಒಕ್ಕಲು ಲೋಕದಲ್ಲಿ ಪರತಂತ್ರನಾಗಿಯೇ ಉಳಿದನು; ರಾಷ್ಟ್ರನಾಯಕರು ಅಧಿಕಾರವನ್ನು ಪಡೆದರಲ್ಲದೆ ಈ ವಿರೋಧವನ್ನು ಪರಿಹರಿಸಲಿಲ್ಲ. 1948ರಲ್ಲಿ ಕಾಂಗ್ರೆಸನ್ನು ತ್ಯಜಿಸಿದ ಸಮಾಜವಾದಿಗಳ ಆಕ್ಷೇಪದ ಸಾರವು ಇದೇ. ಆಫ್ರಿಕದ ನೂತನ ರಾಷ್ಟ್ರಗಳ ನಾಯಕವರ್ಗವನ್ನು ಕುರಿತು ಫ್ರಾನ್ಜ್ ಫಾನನ್ನನು 1961ರಲ್ಲಿ ಇದಕ್ಕೆ ಸಮೀಪವಾದ ಮಾತನ್ನೇ ಆಡಿದನು.

ಕನ್ನಡನಾಡಿನಲ್ಲಿ ಈ ಆಕ್ಷೇಪವು ಗ್ರಂಥದಲ್ಲಿ ಹುಟ್ಟದೆ ಕೊಳಗದಲ್ಲಿ ಹುಟ್ಟಿತು. ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ದೊಡ್ಡ ಕೊಳಗದಿಂದ ಅಳೆಯುವುದನ್ನು ಒಕ್ಕಲುಗಳು ವಿರೋಧಿಸಿದರು. 1951ರಲ್ಲಿ ಅವರು ಸತ್ಯಾಗ್ರಹವನ್ನು ಹೂಡಲು ಎಚ್. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಮುಂದೆ ನಿಂತರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದರು. ಸತ್ಯಾಗ್ರಹದಿಂದಲೇ ಮೇಲೆ ಬಂದ ಪಕ್ಷದ ಆಡಳಿತವು ಸತ್ಯಾಗ್ರಹಿಗಳನ್ನು ಸೆರೆಗೆ ಕಳುಹಿಸಿತೆಂಬುದು ವಿಚಾರಣೀಯವಾಗಿದೆ.

ಹೆಸರಿನಲ್ಲಿ ವರ್ಣವ್ಯತ್ಯಯದಷ್ಟೇ ದೂರವಿರುವ ಕೊಡಗಿನಲ್ಲಿ ಆ ಪ್ರಶ್ನೆಯು ಏಳಲೇ ಇಲ್ಲವೆನ್ನಬಹುದು. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗಿನ 1952ರ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ 15 ಕಾಂಗ್ರೆಸಿಗೂ, ಉಳಿದ 9 ವಿಲೀನವನ್ನು ಒಪ್ಪದ ತಕ್ಕಡಿ ಪಕ್ಷಕ್ಕೂ ಬಂದುವು. ಮುಖ್ಯಮಂತ್ರಿಗಳಾದ ಸಿ. ಎಂ. ಪೂಣಚ್ಚನವರೂ ಪ್ರತಿಪಕ್ಷದ ಪಂದ್ಯಂಡ ಬೆಳ್ಳಿಯಪ್ಪನವರೂ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರೇ; ಅವರ ತ್ಯಾಗವು ಸಂಶಯಾತೀತವಾದುದು. ಆದರೆ ವಾದವೆಲ್ಲವೂ ಕೊಡಗು ಯಾರೊಡನಿರಬೇಕೆಂಬುದನ್ನು ಕುರಿತಾಯಿತು. ಕೊಡಗಿನ ನೆಲವು ಯಾರದೆಂಬುದು ಹಿಂದೆ ಬಿದ್ದಿತು. 1956ರ ನವೆಂಬರ್ 1ರಂದು ವಿಲೀನವಾದ ಬಳಿಕವೂ ಹಾಗೆಯೇ.

ಜಮ್ಮವೆಂಬುದು ‘ಜನ್ಮ’ ಶಬ್ದದ ತದ್ಭವವು. ಅರಸರ ಕಾಲದಿಂದ ಒಕ್ಕಗಳಿಗೆ ವಂಶಪಾರಂಪರ್ಯವಾಗಿ, ಅರೆಗಂದಾಯದ ಮೇಲೆ ನಡೆದುಬಂದ ಭೂಮಿಯು. ಆ ಗದ್ದೆಗಳಲ್ಲಿ ದುಡಿದ ಯರವರ ಆಳುತನವೂ ಹುಟ್ಟಿನಿಂದಲೇ ಬಂದುದು. ಅದನ್ನು ಮಾತ್ರ ಯಾರೂ ಜಮ್ಮವೆಂದು ಕರೆಯಲಿಲ್ಲ!

ಕಾಗೋಡಿನ ಒಕ್ಕಲಿಗೆ ಕಾಲಾಂತರದಲ್ಲಿ ಫಲವು ದೊರಕಿತು. ದೇವರಾಜ ಅರಸರ ಆಡಳಿತದಲ್ಲಿ, 1974ರ ತಿದ್ದುಪಡಿಯಿಂದ ಗೇಣಿಯು ರದ್ದಾಗಿ ಉಳುವವನೇ ಒಡೆಯನಾದನು. ಇದನ್ನು ಮಾಡಿದವರೂ ಕಾಂಗ್ರೆಸಿಗರೇ ಎಂಬುದನ್ನು ಆಕ್ಷೇಪಕರು ಮರೆಯಲಾಗದು. ಆದರೆ 1961ರ ಭೂಸುಧಾರಣೆಯ ಕಾಯಿದೆಯು ಕಾಫಿ ಮೊದಲಾದ ತೋಟಗಳನ್ನು ಹಿಡುವಳಿಯ ಮಿತಿಯಿಂದ ಹೊರಗಿರಿಸಿತ್ತು. ತೋಟದ ಆಳು ಗೇಣಿದಾರನೂ ಅಲ್ಲ, ಕೂಲಿಯವನು. ಮಿತಿಗೆ ಮೀರಿದ ಭೂಮಿಯು ತೋಟದಿಂದ ಬಾರದು, ಗೇಣಿಯ ಹಕ್ಕು ಅವನಿಗೆ ಸಲ್ಲದು. ಹೀಗೆ ಎರಡು ಬಾಗಿಲುಗಳೂ ಮುಚ್ಚಿದುವು. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಕೆಡವಲ್ಪಟ್ಟ ನೂರಾರು ಗುಡಿಸಲುಗಳಲ್ಲಿ ವಾಸವಾಗಿದ್ದವರು, ಬಹುಮಟ್ಟಿಗೆ, ಕಾಫಿತೋಟಗಳ ಲೈನುಮನೆಗಳನ್ನು ಬಿಟ್ಟುಬಂದ ಆದಿವಾಸಿಗಳು.