ಅಂಗಡಿಯ ಗಲ್ಲಾದಲ್ಲಿ ಅರೆಕಾಲಿಕ ಕೆಲಸ: ಹೊಸದಾಗಿ ಸೇರುವವರಿಗೆ ಮಾಹಿತಿ

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳವು ಮಂಡ್ಯ ಜಿಲ್ಲೆಗೆ ಸೇರಿದ್ದರೂ ದುಡಿಮೆಯ ವಿಷಯದಲ್ಲಿ ಮೈಸೂರು ನಗರಕ್ಕೇ ಹತ್ತಿರವಾಗಿದೆ. ಬೆಳಗೊಳ ಹಾಗೂ ಸುತ್ತಲಿನ ಗ್ರಾಮಗಳ ಯುವಜನರು, ವಿಶೇಷವಾಗಿ ಕಾಲೇಜು ವಿದ್ಯಾರ್ಥಿಗಳು ಮತ್ತು ಗೃಹಿಣಿಯರು, ದಿನಕ್ಕೆ ನಾಲ್ಕೈದು ಗಂಟೆಗಳ ಕಾಲ ದಿನಸಿ ಮಳಿಗೆ, ಬಟ್ಟೆ ಅಂಗಡಿ, ಔಷಧಿ ಅಂಗಡಿಗಳಲ್ಲಿ ಬಿಲ್ ಮಾಡಿ ಹಣ ಪಡೆಯುವ ಕೆಲಸಕ್ಕೆ ಸೇರುವುದುಂಟು. ಈ ಕೆಲಸದಲ್ಲಿ ಉದ್ಭವಿಸುವ ಮುಖ್ಯ ವಿವಾದವೆಂದರೆ ದಿನದ ಕೊನೆಯಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಕಡಿಮೆ ಬಿದ್ದ ಹಣವನ್ನು ಯಾರು ಭರಿಸಬೇಕೆಂಬುದು. ಮೊದಲ ತಿಂಗಳ ಸಂಬಳದ ಒಂದು ಭಾಗವೇ ಇದರಲ್ಲಿ ಕಳೆದುಹೋಗುವ ಸಂಭವವಿರುವುದರಿಂದ ಈ ಬಗ್ಗೆ ಮೊದಲೇ ತಿಳಿದಿರುವುದು ಅವಶ್ಯಕ.

ನೇಮಕಾತಿ ಆದೇಶ

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಅನ್ವಯ ನೌಕರನಿಗೆ ನೇಮಕಗೊಂಡ 30 ದಿನಗಳೊಳಗೆ ಲಿಖಿತ ನೇಮಕಾತಿ ಆದೇಶ ನೀಡತಕ್ಕದ್ದು. ಅರೆಕಾಲಿಕ ಕೆಲಸವೆಂಬ ಕಾರಣಕ್ಕೆ ಬಾಯಿಮಾತಿನಲ್ಲೇ ಮುಗಿಸುವ ರೂಢಿಯಿದ್ದು, ಮುಂದೆ ವಿವಾದವಾದಾಗ ನೌಕರನ ಬಳಿ ಯಾವ ದಾಖಲೆಯೂ ಇರುವುದಿಲ್ಲ. ಆದೇಶದಲ್ಲಿ ಪಾಳಿಯ ವೇಳೆ, ವೇತನದ ದರ, ವಾರದ ರಜೆ ಹಾಗೂ ಕಲಿಕೆಯ ದಿನಗಳಿಗೆ ವೇತನ ಉಂಟೇ ಇಲ್ಲವೇ ಎಂಬುದು ಸ್ಪಷ್ಟವಾಗಿರುವಂತೆ ನೋಡಿಕೊಳ್ಳಬೇಕು. ಕೆಲವೆಡೆ ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಇರಿಸಿಕೊಳ್ಳಲಾಗುತ್ತದೆ. ಪರಿಶೀಲನೆಗೆ ಮೂಲ ಪ್ರತಿ ತೋರಿಸಿ, ನಕಲು ಪ್ರತಿ ಮಾತ್ರ ಕೊಡುವುದು ಸೂಕ್ತ.

1961ರ ಅಧಿನಿಯಮದಲ್ಲಿ ‘ನೌಕರ’ ಎಂದರೆ ಸಂಸ್ಥೆಯಲ್ಲಿ ಪೂರ್ಣವಾಗಿ ಅಥವಾ ಮುಖ್ಯವಾಗಿ ನಿಯೋಜಿತನಾದವನು. ಅಲ್ಲದೆ ಈ ಅಧಿನಿಯಮವು ಸರ್ಕಾರವು ನಿರ್ದಿಷ್ಟಪಡಿಸಿದ ಪ್ರದೇಶಗಳಿಗೆ ಅನ್ವಯಿಸುತ್ತದೆ. ಗ್ರಾಮದ ಅಂಗಡಿಯಲ್ಲಿ ಕೆಲಸ ಮಾಡುವವರು ತಮ್ಮ ಸ್ಥಳಕ್ಕೆ ಅದು ಅನ್ವಯವಾಗುವುದೇ ಎಂಬುದನ್ನು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಬಹುದು. ವೇತನದ ರಕ್ಷಣೆಗೆ ಮಾತ್ರ ಇಂತಹ ಮಿತಿಯಿಲ್ಲ. ವೇತನ ಸಂಹಿತೆ, 2019 ದಿನಾಂಕ 21-11-2025ರಿಂದ ಜಾರಿಗೆ ಬಂದಿದ್ದು, 1936ರ ವೇತನ ಪಾವತಿ ಅಧಿನಿಯಮ ಹಾಗೂ 1948ರ ಕನಿಷ್ಠ ವೇತನ ಅಧಿನಿಯಮಗಳ ಸ್ಥಾನವನ್ನು ಪಡೆದಿದೆ. ವೇತನಕ್ಕಾಗಿ ದುಡಿಯುವ ಅರೆಕಾಲಿಕ ನೌಕರರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಗಲ್ಲಾದ ಲೆಕ್ಕ

ಪಾಳಿ ಆರಂಭವಾಗುವಾಗ ಚಿಲ್ಲರೆಗೆಂದು ಕೊಡುವ ಹಣವನ್ನು ಕೊಡುವವರ ಎದುರಿನಲ್ಲೇ ಎಣಿಸಿ, ಮೊತ್ತವನ್ನು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಗಿರಾಕಿಗಳ ಸಾಲು ಬೆಳೆದಿದೆಯೆಂದು ಎಣಿಸದೆ ಕುಳಿತರೆ, ಹಿಂದಿನ ಪಾಳಿಯ ಕೊರತೆಯೂ ಹೊಸಬರ ತಲೆಗೇ ಬರುತ್ತದೆ.

ಉದಾಹರಣೆಗೆ, ಆರಂಭದಲ್ಲಿ ರೂ. 2,000 ಇದ್ದು, ನಗದು ಮಾರಾಟ ರೂ. 14,350 ಆಗಿ, ಸರಕು ಹಿಂದಿರುಗಿಸಿದವರಿಗೆ ರೂ. 350 ಮರಳಿಸಿ, ಮಧ್ಯದಲ್ಲಿ ಮಾಲೀಕರಿಗೆ ರೂ. 10,000 ಒಪ್ಪಿಸಿದ್ದರೆ, ಕೊನೆಯಲ್ಲಿ ರೂ. 6,000 ಇರಬೇಕು. ಎಣಿಸಿದಾಗ ರೂ. 5,700 ಬಂದರೆ ರೂ. 300 ಕೊರತೆ. ಆದರೆ ಮಾಲೀಕರಿಗೆ ಒಪ್ಪಿಸಿದ ಹಣಕ್ಕೆ ಚೀಟಿ ಪಡೆಯದಿದ್ದಲ್ಲಿ ಕೊರತೆ ರೂ. 10,300 ಎಂದು ತೋರುತ್ತದೆ. ಆದ್ದರಿಂದ ಗಲ್ಲಾದಿಂದ ಹೊರಹೋಗುವ ಪ್ರತಿ ಮೊತ್ತಕ್ಕೂ, ಅದು ಚಹಾ ತರಿಸಲು ಕೊಟ್ಟ ಇಪ್ಪತ್ತು ರೂಪಾಯಿಯಾದರೂ ಸರಿ, ಚೀಟಿ ಇರತಕ್ಕದ್ದು. ರದ್ದಾದ ಬಿಲ್ಲುಗಳನ್ನು ಹರಿದೆಸೆಯದೆ ಮೇಲ್ವಿಚಾರಕರ ಸಹಿಯೊಂದಿಗೆ ಇರಿಸಬೇಕು.

ಬಿಲ್ ಯಂತ್ರದ ಪಾಸ್‌ವರ್ಡ್ ಬೇರೆಯವರಿಗೆ ನೀಡಬಾರದು. ಊಟಕ್ಕೆ ಎದ್ದಾಗ ಬೇರೊಬ್ಬರು ಅದೇ ಪಾಸ್‌ವರ್ಡಿನಲ್ಲಿ ಮಾಡಿದ ಬಿಲ್ಲುಗಳೂ ಮೂಲ ನೌಕರನ ಹೆಸರಿನಲ್ಲೇ ದಾಖಲಾಗುತ್ತವೆ. ಯುಪಿಐ ಪಾವತಿಯಲ್ಲಿ ಗ್ರಾಹಕರ ಮೊಬೈಲಿನ ಚಿತ್ರವನ್ನಷ್ಟೇ ನಂಬದೆ, ಅಂಗಡಿಯ ಖಾತೆಗೆ ಹಣ ಜಮೆಯಾದ ಸೂಚನೆಯನ್ನು ಖಚಿತಪಡಿಸಿಕೊಳ್ಳಬೇಕು. 10 ರೂಪಾಯಿ ನಾಣ್ಯವನ್ನು ನಿರಾಕರಿಸುವುದು ಈ ಭಾಗದಲ್ಲಿ ಕಂಡುಬರುತ್ತದೆ. ವಿವಿಧ ವಿನ್ಯಾಸಗಳ ಎಲ್ಲ ನಾಣ್ಯಗಳೂ ಚಲಾವಣೆಯಲ್ಲಿವೆಯೆಂದು ಭಾರತೀಯ ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಸ್ಪಷ್ಟಪಡಿಸಿದೆ.

ಸಂಬಳದಿಂದ ಕಡಿತ

ಕೊರತೆ ಬಿದ್ದ ಮಾತ್ರಕ್ಕೆ ಅದನ್ನು ಸಂಬಳದಲ್ಲಿ ಮುರಿದುಕೊಳ್ಳಲು ಮಾಲೀಕರಿಗೆ ಅವಕಾಶವಿಲ್ಲ. ನೌಕರನು ಲೆಕ್ಕ ಕೊಡಬೇಕಾದ ಹಣವು ನೇರವಾಗಿ ಅವನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನಷ್ಟವಾಗಿರಬೇಕು. ಕಡಿತಕ್ಕೆ ಮುನ್ನ ಕಾರಣ ತೋರಿಸಲು ಅವನಿಗೆ ಅವಕಾಶ ಕೊಡಬೇಕು. ಕಡಿತವು ನಷ್ಟದ ಮೊತ್ತವನ್ನು ಮೀರಬಾರದು. ಎಲ್ಲ ಬಗೆಯ ಕಡಿತಗಳು ಸೇರಿ ಆ ಅವಧಿಯ ವೇತನದ ಶೇ. 50ನ್ನು ಮೀರುವಂತಿಲ್ಲ. ಒಂದೇ ಗಲ್ಲಾದಲ್ಲಿ ಮೂವರು ಕೆಲಸ ಮಾಡಿದಾಗ ಕೊರತೆಯನ್ನು ಮೂವರಿಗೂ ಸಮನಾಗಿ ಹಂಚುವ ಪದ್ಧತಿಯು ಈ ನಿಯಮಕ್ಕೆ ಹೊಂದುವುದಿಲ್ಲ. ಯಾರ ತಪ್ಪು ಎಂಬುದು ಮೊದಲು ತಿಳಿಯಬೇಕು. ಖಾಲಿ ಕಾಗದಕ್ಕೆ ಅಥವಾ ‘ಕೊರತೆಗೆ ನಾನೇ ಜವಾಬ್ದಾರ’ ಎಂಬ ಮುದ್ರಿತ ಹಾಳೆಗೆ ಸೇರುವ ದಿನವೇ ಸಹಿ ಹಾಕಬಾರದು.

ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಪಾವತಿಸಬೇಕು. ಕೆಲಸ ಬಿಟ್ಟಲ್ಲಿ ಅಥವಾ ಬಿಡಿಸಿದಲ್ಲಿ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ವೇತನ ಚೀಟಿ ನೀಡುವುದು ಮಾಲೀಕರ ಕರ್ತವ್ಯ.

ವೇಳೆ ಮತ್ತು ಪ್ರಯಾಣ

1961ರ ಅಧಿನಿಯಮದಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ಮಿತಿ. ವಾರಕ್ಕೆ ಒಂದು ದಿನ ರಜೆ. ಹಬ್ಬದ ವೇಳೆ ಐದು ಗಂಟೆಯ ಪಾಳಿ ಹತ್ತು ಗಂಟೆಗೆ ಬೆಳೆಯುವುದು ಸಾಮಾನ್ಯವಾದ್ದರಿಂದ ಬಂದ ಮತ್ತು ಹೋದ ವೇಳೆಯನ್ನು ನೌಕರನು ತಾನೂ ಬರೆದಿಟ್ಟುಕೊಳ್ಳಬೇಕು. ಮಹಿಳೆಯರನ್ನು ರಾತ್ರಿ ಪಾಳಿಗೆ ನಿಯೋಜಿಸಲು ಅವರ ಒಪ್ಪಿಗೆ ಅಗತ್ಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಆದರೂ ಅಂಗಡಿಯ ಬಾಗಿಲು ಹಾಕಿ ಲೆಕ್ಕ ಮುಗಿಯುವ ಹೊತ್ತಿಗೆ ಊರಿಗೆ ಬಸ್ ಇರುವುದೇ ಎಂದು ನೋಡಿಕೊಂಡೇ ಸಂಜೆಯ ಪಾಳಿ ಒಪ್ಪಿಕೊಳ್ಳಬೇಕು.

ದೂರು ಸಲ್ಲಿಸುವ ವಿಧಾನ

ದೂರನ್ನು ನೌಕರನ ಮನೆ ಇರುವ ತಾಲ್ಲೂಕಿನಲ್ಲಲ್ಲ, ಅಂಗಡಿ ಇರುವ ಸ್ಥಳದ ಕಾರ್ಮಿಕ ಕಚೇರಿಯಲ್ಲಿ ಸಲ್ಲಿಸಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಅಂಗಡಿಗಳು ಮಂಡ್ಯ ಜಿಲ್ಲೆಯ ವ್ಯಾಪ್ತಿಗೆ ಬರುತ್ತವೆ. ಬೆಳಗೊಳದವರು ಮೈಸೂರಿನ ಅಂಗಡಿಯಲ್ಲಿ ದುಡಿದಿದ್ದರೆ ಮೈಸೂರಿನ ಕಚೇರಿಯನ್ನೇ ಸಂಪರ್ಕಿಸಬೇಕು. ವೇತನ ಸಂಹಿತೆಯಡಿ ಕ್ಲೇಮು ಅರ್ಜಿಗೆ ಮೂರು ವರ್ಷಗಳ ಕಾಲಾವಕಾಶವಿದೆ. ಅರ್ಜಿಯೊಂದಿಗೆ ನೇಮಕಾತಿ ಆದೇಶ, ವೇತನ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕದ ನಕಲು ಹಾಗೂ ಗಲ್ಲಾ ಲೆಕ್ಕದ ಚೀಟಿಗಳನ್ನು ಲಗತ್ತಿಸಬೇಕು. ಆದೇಶ ಇಲ್ಲದವರು ಪಾಳಿಯ ಪಟ್ಟಿ, ಮೊಬೈಲ್ ಸಂದೇಶ, ತಮ್ಮ ಹೆಸರು ಮುದ್ರಿತವಾದ ಬಿಲ್ಲು ಮುಂತಾದ ಯಾವುದೇ ಆಧಾರವನ್ನು ಒದಗಿಸಬಹುದು.