ಕಾರಿಲ್ಲದೆ ಫ್ರಾನ್ಸ್ ಕಡಲತೀರ

ಫ್ರಾನ್ಸ್‌ನ ನೀಲಿ ಕಡಲತೀರ ನೋಡೋಕೆ
ಕಾರು ಬಾಡಿಗೆಗೆ ತಗೊಳ್ಳಲೇಬೇಕಾ?
ಖಂಡಿತ ಬೇಡ.

ನೀಸ್ ನಗರದಲ್ಲಿ ರೂಮ್ ಮಾಡಿ,
ರೈಲು ನಿಲ್ದಾಣದ ಹತ್ತಿರವೇ.
ಏರ್‌ಪೋರ್ಟ್‌ನಿಂದ ಊರೊಳಗೆ ಟ್ರಾಮ್ ಇದೆ.

ಬೆಳಗ್ಗೆ ಎದ್ದು
ಮಾಂತೋಂ ಕಡೆ ಹೋಗೋ ಲೋಕಲ್ ರೈಲು ಹತ್ತಿ.
ಸೀಟ್ ರಿಸರ್ವೇಶನ್ ಬೇಕಿಲ್ಲ.
ಬಲಗಡೆ ಕಿಟಕಿ ಹಿಡೀರಿ,
ಸಮುದ್ರ ಆ ಕಡೆಗೇ!

ಒಂದೇ ದಾರದಲ್ಲಿ ಮಲ್ಲಿಗೆ ಕಟ್ಟಿದ ಹಾಗೆ
ಒಂದೇ ಹಳಿ ಮೇಲೆ ಊರುಗಳು.
ವಿಲ್‌ಫ್ರಾಂಶ್, ಎಜ್, ಮೊನಾಕೊ, ಮಾಂತೋಂ.

ನನ್ನ ಮಾತು ಕೇಳಿದ್ರೆ
ಮೊದಲು ವಿಲ್‌ಫ್ರಾಂಶ್‌ನಲ್ಲಿ ಇಳೀರಿ.
ನಿಲ್ದಾಣದ ಕೆಳಗೇ ಬೀಚ್.

ಎಜ್‌ನಲ್ಲಿ ಮಾತ್ರ ಹುಷಾರು!
ರೈಲು ನಿಲ್ಲೋದು ಸಮುದ್ರದ ಪಕ್ಕ.
ಹಳೇ ಊರು ಇರೋದು
400 ಮೀಟರ್‌ಗೂ ಹೆಚ್ಚು ಎತ್ತರದ ಬೆಟ್ಟದ ಮೇಲೆ.
ಕಾಲುದಾರೀಲಿ ಹತ್ತೋಕೆ ಗಂಟೆಗೂ ಹೆಚ್ಚು ಬೇಕು.
ಮಂಡಿನೋವಿರೋ ಅಪ್ಪ ಅಮ್ಮ ಜೊತೆಗಿದ್ರೆ
ನೀಸ್‌ನಿಂದಲೇ ಬಸ್ ಹಿಡೀರಿ.

ಮಾಂತೋಂ ಕೊನೆಗಿರಲಿ.
ನಿಂಬೆಹಣ್ಣಿಗೆ ಹೆಸರಾದ ಊರು,
ದಾಟಿದ್ರೆ ಇಟಲಿ.

ಇನ್ನೊಂದು ಮುಖ್ಯ ವಿಷಯ.
ಫ್ರಾನ್ಸ್‌ನಲ್ಲಿ ರೈಲು ಮುಷ್ಕರ ಆಗಾಗ ಆಗುತ್ತೆ.
ಹಿಂದಿನ ಸಂಜೆಯೇ
ರೈಲ್ವೆ ಆ್ಯಪ್‌ನಲ್ಲಿ ಟೈಮ್ ನೋಡ್ಕೊಳ್ಳಿ,
ವಾಪಸ್ ಬರೋ ಕೊನೇ ರೈಲಿನದ್ದೂ ಸೇರಿಸಿ.